ಅನಿಲದ ಆಯ್ಕೆ, ಅಳತೆಯ ಹೊಣೆ
(ಶಾಲೆಯ ಶತಮಾನೋತ್ಸವದ ಅಂಗವಾಗಿ ಹಳೆ ವಿದ್ಯಾರ್ಥಿಗಳ ಪರವಾಗಿ ನೀಡಿದ ವಿಜ್ಞಾನ ಉಪನ್ಯಾಸದ ಲಿಖಿತ ರೂಪ)



ದಕ್ಷಿಣ ಕನ್ನಡ ಜಿಲ್ಲೆಯು ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ ಹುಟ್ಟಿದ ಶಾಲೆ ನಮ್ಮದು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳ ರಾಜ್ಯಕ್ಕೆ ಸೇರಿತು. ಶಾಲೆಯ ಹಲಗೆಯ ಮೇಲಿನ ಅಕ್ಷರ ಮಾತ್ರ ಕನ್ನಡವಾಗಿಯೇ ಉಳಿಯಿತು. ಆ ಹಲಗೆಯ ಮೇಲೆ ಜಲಜನಕ, ಸಾರಜನಕ, ಆಮ್ಲಜನಕ ಎಂಬ ಹೆಸರುಗಳನ್ನು ಮೊದಲ ಬಾರಿಗೆ ಓದಿದ ನಾವು ಕೆಲವರು ಇಂದು ಬೇರೆ ಬೇರೆ ಊರುಗಳ ಪ್ರಯೋಗಾಲಯಗಳಲ್ಲಿ ಆಹಾರ, ಎಣ್ಣೆ, ನೀರು, ಔಷಧ ಇವುಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದೇವೆ. ಶತಮಾನೋತ್ಸವ ಸಮಿತಿಯವರು ನಮ್ಮ ವೃತ್ತಿಯ ಕುರಿತು ಒಂದು ಉಪನ್ಯಾಸವಾಗಬೇಕೆಂದು ಅಪೇಕ್ಷಿಸಿದಾಗ, ನಾವೆಲ್ಲರೂ ಸೇರಿ ಇದನ್ನು ಸಿದ್ಧಪಡಿಸಿದೆವು. ಓದುವ ಬಾಯಿ ಒಂದಾದರೂ ಮಾತು ಎಲ್ಲರದು.

ನಾವು ಆರಿಸಿಕೊಂಡಿರುವ ವಿಷಯ ತೀರ ಚಿಕ್ಕದಾಗಿ ಕಾಣಬಹುದು. ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಎಂಬ ಉಪಕರಣದೊಳಗೆ ಹರಿಯಬೇಕಾದ ಅನಿಲ ಯಾವುದು? ಇದುವರೆಗೆ ಬಳಸುತ್ತಿದ್ದ ಹೀಲಿಯಂ ದುಬಾರಿಯಾಗಿ, ಕೆಲವೊಮ್ಮೆ ಸಿಗದೆಯೂ ಹೋದಾಗ, ಅದರ ಬದಲಿಗೆ ಯಾವುದನ್ನು ತರಬೇಕು? ತಂದ ಮೇಲೆ ನಮ್ಮ ಅಳತೆಯನ್ನು ಜನ ಮೊದಲಿನಂತೆಯೇ ನಂಬಬಹುದೇ? ಜಗತ್ತಿನ ಎಷ್ಟೋ ಪ್ರಯೋಗಾಲಯಗಳು ಇಂದು ಈ ಪ್ರಶ್ನೆಗಳನ್ನು ಎದುರಿಸುತ್ತಿವೆ. ನಮ್ಮ ಈ ನೆಲಕ್ಕೆ ಅಳತೆಯ ವಿಶ್ವಾಸಾರ್ಹತೆ ಎಂಬುದು ಬರಿಯ ಪಾಠದ ಮಾತಲ್ಲವೆಂಬುದನ್ನು ಮುಂದೆ ನಿವೇದಿಸುತ್ತೇವೆ.

ಮೊದಲಿಗೆ ಉಪಕರಣದ ಪರಿಚಯ. ಕ್ರೊಮ್ಯಾಟೊಗ್ರಫಿಯನ್ನು ಕನ್ನಡದಲ್ಲಿ ವರ್ಣಲೇಖನವೆನ್ನುವರು. ರಷ್ಯದ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆಟ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎಲೆಯ ರಸವನ್ನು ಸುಣ್ಣದ ಪುಡಿ ತುಂಬಿದ ಗಾಜಿನ ನಳಿಗೆಯಲ್ಲಿ ಇಳಿಸಿದಾಗ ಹಸಿರು ಮತ್ತು ಹಳದಿಯ ಪಟ್ಟಿಗಳು ಬೇರೆ ಬೇರೆಯಾಗಿ ಕಂಡವು. ಹೆಸರು ಅಲ್ಲಿಂದ ಬಂತು. ದ್ರವದ ಬದಲಿಗೆ ಅನಿಲವನ್ನು ಹರಿಸಿ ಬೇರ್ಪಡಿಸುವ ವಿಧಾನವನ್ನು ಇಂಗ್ಲೆಂಡಿನಲ್ಲಿ ಎ.ಟಿ. ಜೇಮ್ಸ್ ಮತ್ತು ಎ.ಜೆ.ಪಿ. ಮಾರ್ಟಿನ್ 1952ರಲ್ಲಿ ಪ್ರಕಟಿಸಿದರು. ಅವರು ಬೇರ್ಪಡಿಸಿ ತೋರಿಸಿದ್ದು ಕೊಬ್ಬಿನಾಮ್ಲಗಳ ಸಾಲನ್ನು. ಆ ಸಾಲಿನ ಕೊನೆಯಲ್ಲಿದ್ದುದು ಹನ್ನೆರಡು ಇಂಗಾಲಗಳ ಲಾರಿಕ್ ಆಮ್ಲ, ಅಂದರೆ ನಮ್ಮ ತೆಂಗಿನೆಣ್ಣೆಯ ಮುಖ್ಯ ಆಮ್ಲ. ಅಂದು ಅವರು ಹರಿಸಿದ ಅನಿಲ ಸಾರಜನಕ. ಹೀಲಿಯಂ ಇಲ್ಲದೆ ಈ ವಿದ್ಯೆ ನಡೆಯದೆಂದು ಭಾವಿಸುವವರು ಅದು ಹುಟ್ಟಿದ್ದೇ ಹೀಲಿಯಂ ಇಲ್ಲದೆ ಎಂಬುದನ್ನು ನೆನೆಯಬೇಕು.

ಈ ಬೇರ್ಪಡೆ ಹೇಗೆ ನಡೆಯುತ್ತದೆ? ಜಾತ್ರೆಯ ದಿನ ಗದ್ದೆಯ ಬದಿಯಿಂದ ದೇವಸ್ಥಾನದ ಬಾಗಿಲಿನವರೆಗೆ ಅಂಗಡಿಗಳ ಸಾಲಿರುತ್ತದೆ ಎಂದುಕೊಳ್ಳೋಣ. ಒಂದೇ ಬಸ್ಸಿನಿಂದ ಇಳಿದ ಜನ ಒಟ್ಟಿಗೆ ನಡೆಯತೊಡಗುತ್ತಾರೆ. ಅಂಗಡಿಗಳತ್ತ ಕಣ್ಣೆತ್ತಿ ನೋಡದವರು ಬೇಗನೆ ತಲಪುತ್ತಾರೆ. ಬಳೆಯಂಗಡಿಯಲ್ಲಿ ನಿಂತವರು ತಡವಾಗಿ, ಚುರುಮುರಿ ತಿಂದು ಮಾತಿಗೆ ನಿಂತವರು ಇನ್ನೂ ತಡವಾಗಿ. ಬಾಗಿಲಲ್ಲಿ ನಿಂತವನಿಗೆ ಒಂದೇ ಗುಂಪು ಮೂರಾಗಿ ಕಾಣುತ್ತದೆ. ನಮ್ಮ ಉಪಕರಣದ ನಳಿಗೆ ಈ ಬೀದಿ. ಸಾಮಾನ್ಯವಾಗಿ 30 ಮೀಟರ್ ಉದ್ದ, ಒಳವ್ಯಾಸ ಕಾಲು ಮಿಲಿಮೀಟರ್. ಸುರುಳಿಯಾಗಿ ಸುತ್ತಿ ಒಂದು ಒಲೆಯೊಳಗೆ ಇರಿಸಿರುತ್ತಾರೆ. ಒಳಗೋಡೆಗೆ ಲೇಪಿಸಿದ ತೆಳುಪದರವೇ ಅಂಗಡಿಗಳು. ಬಾಗಿಲಲ್ಲಿ ನಿಂತು ಎಣಿಸುವವನು ಶೋಧಕ. ಜನರನ್ನು ಮುಂದಕ್ಕೆ ಒಯ್ಯುವ ಪ್ರವಾಹವೇ ವಾಹಕ ಅನಿಲ. ಈ ಅನಿಲ ಯಾರೊಂದಿಗೂ ಬೆರೆತು ಬದಲಾಗಬಾರದು, ಯಾರನ್ನೂ ಬದಲಾಯಿಸಬಾರದು, ಕೇವಲ ಒಯ್ಯಬೇಕು.

ವಾಹಕವಾಗಿ ಬಳಕೆಯಲ್ಲಿರುವ ಮುಖ್ಯ ಅನಿಲಗಳು ಮೂರು: ಹೀಲಿಯಂ, ಜಲಜನಕ, ಸಾರಜನಕ. ಒಂದೊಂದಕ್ಕೂ ತನಗೆ ಹಿತವಾದ ಒಂದು ನಡಿಗೆಯ ವೇಗವಿದೆ. ಆ ವೇಗದಲ್ಲಿ ಹರಿದಾಗ ಬೇರ್ಪಡೆ ಅತ್ಯುತ್ತಮವಾಗಿರುತ್ತದೆ. ಅದಕ್ಕಿಂತ ನಿಧಾನವಾದರೆ ಒಂದೇ ಗುಂಪಿನವರು ಹಿಂದೆ ಮುಂದೆ ಚದುರಿಹೋಗುತ್ತಾರೆ. ಅದಕ್ಕಿಂತ ವೇಗವಾದರೆ ಅಂಗಡಿಯಲ್ಲಿ ನಿಂತವರಿಗೆ ಪ್ರವಾಹವನ್ನು ಮತ್ತೆ ಕೂಡಿಕೊಳ್ಳಲು ಸಮಯ ಸಾಲದೆ ಸಾಲು ಹಿಗ್ಗುತ್ತದೆ. ವಾನ್ ಡೀಮ್ಟರ್ ಮತ್ತು ಅವರ ಸಹೋದ್ಯೋಗಿಗಳು 1956ರಲ್ಲಿ ಈ ವಿಚಾರವನ್ನು ಒಂದು ಸಮೀಕರಣದಲ್ಲಿ ನಿರೂಪಿಸಿದರು. ಇಂದಿನ ಸಪೂರ ನಳಿಗೆಗಳಲ್ಲಿ ಸಾರಜನಕಕ್ಕೆ ಹಿತವಾದ ವೇಗ ಸೆಕೆಂಡಿಗೆ ಸುಮಾರು 12 ಸೆಂಟಿಮೀಟರ್, ಹೀಲಿಯಂಗೆ ಸುಮಾರು 25, ಜಲಜನಕಕ್ಕೆ ಸುಮಾರು 40. ಎಂಟನೆಯ ತರಗತಿಯ ಮಕ್ಕಳೂ ಈ ಲೆಕ್ಕ ಮಾಡಬಲ್ಲರು: 30 ಮೀಟರ್ ದಾಟಲು ಸಾರಜನಕಕ್ಕೆ 250 ಸೆಕೆಂಡು, ಹೀಲಿಯಂಗೆ 120, ಜಲಜನಕಕ್ಕೆ 75. ಒಯ್ಯಲ್ಪಡುವ ವಸ್ತುಗಳು ನಡುನಡುವೆ ನಿಲ್ಲುವುದರಿಂದ ಒಟ್ಟು ಪರೀಕ್ಷೆಗೆ ಇದರ ಎಷ್ಟೋ ಪಟ್ಟು ಹೊತ್ತು ಬೇಕು. ಅನುಪಾತ ಮಾತ್ರ ಹೆಚ್ಚುಕಡಿಮೆ ಇದೇ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ತನಗೆ ಹಿತವಾದ ವೇಗದಲ್ಲಿ ಹರಿಯುವ ಸಾರಜನಕದ ಬೇರ್ಪಡೆ ಹೀಲಿಯಂನದಕ್ಕಿಂತ ಕೀಳಲ್ಲ. ತುಸು ಮೇಲೆಂದೇ ಹೇಳಬಹುದು. ಅದರ ದೋಷವೆಂದರೆ ಅವಸರವನ್ನು ಸಹಿಸದಿರುವುದು. ಸಾರಜನಕದ ಅಣು ಭಾರ, ಅದರೊಳಗೆ ಇತರ ಅಣುಗಳ ಸಂಚಾರ ನಿಧಾನ. ವೇಗ ಹೆಚ್ಚಿಸಿದೊಡನೆ ಬೇರ್ಪಡೆ ಕೆಡುತ್ತದೆ. ಜಲಜನಕವಾದರೋ ಎಷ್ಟು ಓಡಿಸಿದರೂ ಬಹುಮಟ್ಟಿಗೆ ಸ್ಥಿಮಿತವನ್ನು ಕಾಯ್ದುಕೊಳ್ಳುತ್ತದೆ. ಹೀಲಿಯಂ ಈ ಎರಡರ ನಡುವೆ. ವೇಗದಲ್ಲಿ ಮೊದಲನೆಯದಲ್ಲದಿದ್ದರೂ ಅದು ದಶಕಗಳ ಕಾಲ ಎಲ್ಲರ ಮೆಚ್ಚುಗೆ ಗಳಿಸಿದ್ದೇಕೆ? ಅದು ಉರಿಯದು, ಯಾವುದರೊಂದಿಗೂ ವರ್ತಿಸದು, ಹೆಚ್ಚುಕಡಿಮೆ ಎಲ್ಲ ಬಗೆಯ ಶೋಧಕಗಳಿಗೂ ಒಗ್ಗುತ್ತದೆ. ಆಯ್ಕೆಯ ಶ್ರಮವನ್ನೇ ಅದು ಉಳಿಸುತ್ತಿತ್ತು.

ಈ ಹೀಲಿಯಂನ ಚರಿತ್ರೆಗೂ ನಮ್ಮ ದೇಶಕ್ಕೂ ಹಳೆಯ ನಂಟಿದೆ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಅವರೂ, ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಅವರೂ ರೋಹಿತದರ್ಶಕ ಹಿಡಿದು ವೀಕ್ಷಿಸಿದರು. ಸೂರ್ಯನ ಅಂಚಿನ ಜ್ವಾಲೆಗಳ ಬೆಳಕಿನಲ್ಲಿ ಹಳದಿಯ ಗೆರೆಯೊಂದು ಆ ಗ್ರಹಣದಲ್ಲಿ ವೀಕ್ಷಕರ ಗಮನಕ್ಕೆ ಬಂತು. ಅದು ಸೋಡಿಯಂನ ಗೆರೆಯಲ್ಲವೆಂದು ಇಂಗ್ಲೆಂಡಿನ ಲಾಕಿಯರ್ ಅದೇ ವರ್ಷ ಗುರುತಿಸಿ, ಹೊಸ ಧಾತುವಿಗೆ ಸೂರ್ಯನ ಗ್ರೀಕ್ ಹೆಸರನ್ನಿಟ್ಟರು. ಭೂಮಿಯ ಮೇಲೆ ಅದನ್ನು ರ್‍ಯಾಮ್ಸೆ ಕಂಡದ್ದು 1895ರಲ್ಲಿ, ಯುರೇನಿಯಂ ಇರುವ ಒಂದು ಖನಿಜದಲ್ಲಿ.

ಖನಿಜದಲ್ಲಿ ಅದು ಇದ್ದುದಕ್ಕೆ ಕಾರಣವಿದೆ. ನೆಲದಾಳದ ಯುರೇನಿಯಂ ಮತ್ತು ಥೋರಿಯಂ ಕೋಟ್ಯಂತರ ವರ್ಷಗಳಿಂದ ಕ್ಷಯಿಸುತ್ತ ಹೊರಸೂಸುವ ಆಲ್ಫಾ ಕಣಗಳೇ ಹೀಲಿಯಂ ಆಗುತ್ತವೆ. ಅದರ ಒಂದು ಪಾಲು ನೈಸರ್ಗಿಕ ಅನಿಲದ ನಿಕ್ಷೇಪಗಳಲ್ಲಿ ಸೇರಿಕೊಂಡಿದೆ. ಅಮೆರಿಕ, ಕತಾರ್, ಅಲ್ಜೀರಿಯ, ರಷ್ಯ ಮುಂತಾದ ಕೆಲವೇ ದೇಶಗಳು ಅದನ್ನು ದೊಡ್ಡ ಪ್ರಮಾಣದಲ್ಲಿ ಬೇರ್ಪಡಿಸಿ ಮಾರುತ್ತವೆ. ಆದ್ದರಿಂದ ಎಲ್ಲೋ ಒಂದೆಡೆ ತೊಡಕುಂಟಾದರೆ ಎಲ್ಲೆಡೆಯೂ ಅಭಾವ. 2017ರಲ್ಲಿ ನೆರೆಯ ದೇಶಗಳು ಕತಾರಿನೊಂದಿಗಿನ ಗಡಿಗಳನ್ನು ಮುಚ್ಚಿದಾಗ ಅಲ್ಲಿಯ ಹೀಲಿಯಂ ಸ್ಥಾವರಗಳು ಕೆಲಕಾಲ ನಿಂತವು. 2022ರ ಜನವರಿಯಲ್ಲಿ ರಷ್ಯದ ಅಮೂರ್ ಸ್ಥಾವರದಲ್ಲಿ ಅವಘಡವಾಯಿತು. ಆಸ್ಪತ್ರೆಗಳ ಎಂಆರ್‌ಐ ಯಂತ್ರಗಳ ಅಯಸ್ಕಾಂತವನ್ನು ತಂಪಾಗಿಡಲು ದ್ರವ ಹೀಲಿಯಂ ಬೇಕು. ಅಲ್ಲಿ ಅದಕ್ಕೆ ಬದಲಿ ಸುಲಭವಿಲ್ಲ. ನಮ್ಮ ದೇಶದಲ್ಲಿ ಪಶ್ಚಿಮ ಬಂಗಾಳದ ಬಕ್ರೇಶ್ವರದ ಬಿಸಿನೀರ ಬುಗ್ಗೆಗಳ ಅನಿಲದಲ್ಲಿ ಹೀಲಿಯಂ ಇದೆ, ಅದನ್ನು ಬೇರ್ಪಡಿಸುವ ಪ್ರಯೋಗಗಳೂ ನಡೆದಿವೆ. ಆದರೂ ದೇಶದ ಅಗತ್ಯಕ್ಕೆ ಆಮದೇ ಆಧಾರ. ಒಮ್ಮೆ ಗಾಳಿಗೆ ಬಿಟ್ಟ ಹೀಲಿಯಂ ಕ್ರಮೇಣ ಬಾಹ್ಯಾಕಾಶಕ್ಕೆ ಸೇರಿಹೋಗುತ್ತದೆ. ಬದಲಿಯಿರುವ ಕಡೆ ಅದನ್ನು ಸುರಿಯುವುದು, ಬದಲಿಯಿಲ್ಲದ ರೋಗಿಯ ಪಾಲನ್ನು ಕಡಿಮೆ ಮಾಡಿದಂತೆ.

ಹಾಗೆಂದು ಇಂದೇ ಸಿಲಿಂಡರನ್ನು ಬದಲಾಯಿಸಬೇಕೆಂದು ನಾವು ಹೇಳುವುದಿಲ್ಲ. ಮೊದಲು ಮಿತವ್ಯಯ. 47 ಲೀಟರ್ ಗಾತ್ರದ ಸಿಲಿಂಡರಿನಲ್ಲಿ 150 ವಾಯುಭಾರದ ಒತ್ತಡಕ್ಕೆ ತುಂಬಿದ ಅನಿಲ ಹೊರಗೆ ಬಂದರೆ ಸುಮಾರು 7000 ಲೀಟರ್ ಆಗುತ್ತದೆ. ನಳಿಗೆಯೊಳಗೆ ನಿಮಿಷಕ್ಕೆ ಒಂದು ಮಿಲಿಲೀಟರಿನಷ್ಟು ಹರಿದರೆ ಸಾಕು. ಆದರೆ ಮಾದರಿಯ ಸ್ವಲ್ಪ ಭಾಗವನ್ನು ಮಾತ್ರ ನಳಿಗೆಗೆ ಕಳುಹಿಸಿ ಉಳಿದುದನ್ನು ಹೊರಚೆಲ್ಲುವ ಏರ್ಪಾಟಿನಲ್ಲಿ ಒಟ್ಟು ಹರಿವು ಹಲವೆಡೆ 50 ಮಿಲಿಲೀಟರ್ ಇರುತ್ತದೆ. ಹಗಲೂ ರಾತ್ರಿಯೂ ಹಾಗೆಯೇ ಬಿಟ್ಟರೆ ಸಿಲಿಂಡರ್ 97 ದಿನಗಳಲ್ಲಿ ಬರಿದಾಗುತ್ತದೆ. ಮಾದರಿ ನಳಿಗೆಯನ್ನು ಹೊಕ್ಕ ಮೇಲೆ ಹರಿವನ್ನು 20ಕ್ಕೆ ಇಳಿಸುವಂತೆ ಉಪಕರಣಕ್ಕೆ ಆದೇಶ ಕೊಟ್ಟಿದ್ದರೆ ಅದೇ ಸಿಲಿಂಡರ್ ಎಂಟು ತಿಂಗಳ ಸಮೀಪ ಬರುತ್ತದೆ. ಕೀಲುಗಳ ಸೋರಿಕೆಯನ್ನು ಸಾಬೂನಿನ ನೀರಿನಿಂದಲ್ಲ, ಸೋರಿಕೆ ಪತ್ತೆಯ ಉಪಕರಣದಿಂದ ನೋಡಬೇಕು. ಸಾಬೂನು ಒಳಸೇರಿದರೆ ಪರೀಕ್ಷೆಯೇ ಕೆಟ್ಟೀತು. ಮನೆಯ ನಲ್ಲಿ ಸೋರುತ್ತಿರುವಾಗ ಹೊಸ ಬಾವಿ ತೋಡುವುದು ಜಾಣತನವಲ್ಲ.

ಮಿತವ್ಯಯದ ನಂತರ ಬದಲಿಯ ವಿಚಾರ. ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳದೆ ಆಯ್ಕೆ ಮಾಡಬಾರದು. ಬಾಗಿಲಲ್ಲಿ ನಿಂತ ಶೋಧಕ ಯಾವುದು? ಬೇರ್ಪಡಿಸಬೇಕಾದ ಗುಂಪು ಎಷ್ಟು ದಟ್ಟ? ಅದರಲ್ಲಿರುವ ವಸ್ತುಗಳು ಹೊಸ ಅನಿಲದೊಂದಿಗೆ ವರ್ತಿಸುವವೇ? ಕೋಣೆ ಆ ಅನಿಲಕ್ಕೆ ಸುರಕ್ಷಿತವೇ? ಉತ್ತರಗಳು ಪರೀಕ್ಷೆಯಿಂದ ಪರೀಕ್ಷೆಗೆ ಬದಲಾಗುತ್ತವೆ. ಮೂರು ಉದಾಹರಣೆಗಳನ್ನು ಕೊಡುತ್ತೇವೆ. ಮೂರೂ ನಮ್ಮ ತೋಟಗಳಿಗೆ ಸಂಬಂಧಿಸಿದವು.

ಮೊದಲನೆಯದು ತೆಂಗಿನೆಣ್ಣೆ. ಅದರಲ್ಲಿ ಅಗ್ಗದ ಬೇರೆ ಎಣ್ಣೆ ಬೆರೆತಿದೆಯೇ ಎಂದು ತಿಳಿಯಲು ಅದರ ಕೊಬ್ಬಿನಾಮ್ಲಗಳ ಅನುಪಾತವನ್ನು ನೋಡುತ್ತಾರೆ. ಶುದ್ಧ ತೆಂಗಿನೆಣ್ಣೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಲಾರಿಕ್ ಆಮ್ಲವೇ ಇರುತ್ತದೆ. ತಾಳೆ ಹಣ್ಣಿನ ಎಣ್ಣೆ ಬೆರೆತರೆ ಅದು ತಗ್ಗಿ, ಪಾಮಿಟಿಕ್ ಮತ್ತು ಓಲಿಯಿಕ್ ಆಮ್ಲಗಳು ಏರುತ್ತವೆ. ಇಲ್ಲಿ ಗುಂಪು ಚಿಕ್ಕದು, ಶಿಖರಗಳ ನಡುವೆ ಸಾಕಷ್ಟು ಎಡೆಯಿದೆ. ಬಳಸುವ ಶೋಧಕ ಒಂದು ಪುಟ್ಟ ಜ್ವಾಲೆ. ಆ ಜ್ವಾಲೆಯನ್ನು ಉರಿಸಲು ಜಲಜನಕ ಹೇಗೂ ಕೋಣೆಗೆ ಬಂದಿರುತ್ತದೆ. ಇಂಥಲ್ಲಿ ಸಾರಜನಕವನ್ನೋ ಜಲಜನಕವನ್ನೋ ಹರಿಸಿ ಹೀಲಿಯಂ ಉಳಿಸುವುದಕ್ಕೆ ದೊಡ್ಡ ಅಡ್ಡಿಯಿಲ್ಲ. ಅಗತ್ಯಕ್ಕಿಂತ ಹೆಚ್ಚಿನ ಬೇರ್ಪಡೆ ಕೈಯಲ್ಲಿದ್ದಾಗ ಅದರಲ್ಲಿ ಸ್ವಲ್ಪವನ್ನು ಬಿಟ್ಟುಕೊಟ್ಟರೆ ನಷ್ಟವಿಲ್ಲ.

ಎರಡನೆಯದು ಇದಕ್ಕೆ ತದ್ವಿರುದ್ಧ. ರಫ್ತಾಗುವ ಕರಿಮೆಣಸು, ಏಲಕ್ಕಿಗಳಲ್ಲಿ ಕೀಟನಾಶಕಗಳ ಶೇಷ ಹುಡುಕುವಾಗ ನೂರಾರು ವಸ್ತುಗಳನ್ನು ಒಂದೇ ಓಟದಲ್ಲಿ ಗುರುತಿಸಬೇಕಾಗುತ್ತದೆ. ಅಲ್ಲಿಯ ಶೋಧಕ ಮಾಸ್ ಸ್ಪೆಕ್ಟ್ರೋಮೀಟರ್. ಅದು ನಿರ್ವಾತದಲ್ಲಿ ಕೆಲಸ ಮಾಡುವ ಸೂಕ್ಷ್ಮ ಯಂತ್ರ. ಸಾರಜನಕ ಹರಿಸಿದರೆ ಅದರ ಸಂವೇದನೆ ಬಹಳ ಕುಗ್ಗುತ್ತದೆ. ಜಲಜನಕ ಹರಿಸಬಹುದು, ಆದರೆ ಅದನ್ನು ಹೊರಗೆಳೆಯಲು ತಕ್ಕ ಪಂಪು ಬೇಕು, ಅದಕ್ಕೆ ಒಪ್ಪುವ ಒಳಭಾಗಗಳು ಬೇಕು. ಬಿಸಿಯಾದ ಲೋಹದ ಮೇಲ್ಮೈಯಲ್ಲಿ ಜಲಜನಕ ಸುಮ್ಮನಿರುವುದಿಲ್ಲ. ನೈಟ್ರೋಬೆಂಜೀನ್ ಅಲ್ಲಿ ಅನಿಲೀನ್ ಆಗಿ ಕಾಣಿಸಿಕೊಳ್ಳಬಲ್ಲುದು. ಕ್ಲೋರಿನ್ ಇರುವ ದ್ರಾವಕವನ್ನು ಬಳಸಿದರೆ ಬಿಸಿಯಾದ ಇಂಜೆಕ್ಟರಿನಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಹುಟ್ಟುವ ಸಂಭವವಿದೆ. ಇಷ್ಟನ್ನು ಸಂಭಾಳಿಸಲಾಗದ ಪ್ರಯೋಗಾಲಯವು ಈ ಪರೀಕ್ಷೆಗೆ ಹೀಲಿಯಂ ಅನ್ನೇ ಮೀಸಲಿಟ್ಟು, ಮಿಕ್ಕ ಪರೀಕ್ಷೆಗಳಲ್ಲಿ ಉಳಿತಾಯ ಮಾಡುವುದು ಲೇಸು.

ಮೂರನೆಯ ಉದಾಹರಣೆಯನ್ನು ಹೇಳುವಾಗ ಈ ಸಭೆಯಲ್ಲಿ ಯಾರಿಗೂ ಪೀಠಿಕೆ ಬೇಡ. ಎಂಡೋಸಲ್ಫಾನ್. ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಆಕಾಶದಿಂದ ಸಿಂಪಡಿಸಲಾದ ಆ ಕೀಟನಾಶಕದ ಕುರಿತು ಪತ್ರಕರ್ತ ಶ್ರೀ ಪಡ್ರೆಯವರು ಬರೆದರು, ಪಡ್ರೆಯ ವೈದ್ಯ ಡಾ. ವೈ.ಎಸ್. ಮೋಹನ ಕುಮಾರರು ರೋಗಿಗಳ ವಿವರ ಬರೆದಿಟ್ಟರು, ಲೀಲಾಕುಮಾರಿ ಅಮ್ಮನವರು ನ್ಯಾಯಾಲಯದ ಮೆಟ್ಟಿಲೇರಿದರು. ಅವರ ಮಾತಿಗೆ ಎದುರಾಗಿ ಬಂದ ಪ್ರಶ್ನೆ ಒಂದೇ: ವಿಷವಿದೆ ಎಂಬುದಕ್ಕೆ ಅಳತೆ ಎಲ್ಲಿ?

ಆ ಅಳತೆಯ ಸಾಧನ ಇದೇ ಗ್ಯಾಸ್ ಕ್ರೊಮ್ಯಾಟೊಗ್ರಾಫ್. ಎಂಡೋಸಲ್ಫಾನಿನ ಒಂದು ಅಣುವಿನಲ್ಲಿ ಆರು ಕ್ಲೋರಿನ್ ಪರಮಾಣುಗಳಿವೆ. ಕ್ಲೋರಿನ್ ಎಲೆಕ್ಟ್ರಾನುಗಳನ್ನು ಸೆಳೆದುಕೊಳ್ಳುವ ಗುಣವುಳ್ಳದ್ದು. ಜೇಮ್ಸ್ ಲವ್ಲಾಕ್ 1950ರ ದಶಕದಲ್ಲಿ ರೂಪಿಸಿದ ಎಲೆಕ್ಟ್ರಾನ್ ಹಿಡಿಯುವ ಶೋಧಕ ಇದನ್ನೇ ಬಳಸಿಕೊಂಡು ಅತ್ಯಲ್ಪ ಪ್ರಮಾಣವನ್ನೂ ಕಾಣಬಲ್ಲುದು. ಆಲ್ಫಾ, ಬೀಟಾ ಎಂಬ ಎರಡು ರೂಪಗಳೂ, ಮಣ್ಣಿನಲ್ಲಿ ಮತ್ತು ದೇಹದಲ್ಲಿ ಉಂಟಾಗುವ ಎಂಡೋಸಲ್ಫಾನ್ ಸಲ್ಫೇಟ್ ಎಂಬ ಮೂರನೆಯದೂ ಬೇರೆ ಬೇರೆ ಶಿಖರಗಳಾಗಿ ಕಾಣಬೇಕು. ಈ ಶೋಧಕಕ್ಕೆ ಸಾರಜನಕ ಚೆನ್ನಾಗಿ ಒಗ್ಗುತ್ತದೆ. ಆದ್ದರಿಂದ ಬದಲಿ ಸುಲಭವೆಂದು ತೋರಬಹುದು. ಆದರೆ ಅನಿಲದಲ್ಲಿ ಎಳ್ಳಷ್ಟು ಆಮ್ಲಜನಕವೋ ತೇವವೋ ಇದ್ದರೆ ಅವೂ ಶೋಧಕವನ್ನು ಕದಡುತ್ತವೆ, ತಳಗೆರೆ ನಡುಗುತ್ತದೆ, ಪುಟ್ಟ ಶಿಖರ ಆ ನಡುಕದಲ್ಲಿ ಮುಳುಗುತ್ತದೆ. ಶೇಕಡಾ 99.999ರಷ್ಟು ಶುದ್ಧವಾದ ಸಾರಜನಕ, ದಾರಿಯಲ್ಲಿ ಆಮ್ಲಜನಕ ಮತ್ತು ತೇವವನ್ನು ಹೀರುವ ಶೋಧನಿಗಳು, ಅವಸರಪಡಿಸದ ಹರಿವು, ಇವಿಲ್ಲದೆ ಮಾಡಿದ ಬದಲಾವಣೆ ಇದ್ದುದನ್ನು ಇಲ್ಲವೆಂದು ಹೇಳಿಸೀತು.

ಇದ್ದುದನ್ನು ಇಲ್ಲವೆನ್ನುವುದರ ಬೆಲೆ ಏನು? 2001ರಲ್ಲಿ ಪಡ್ರೆಯ ಮಾದರಿಗಳನ್ನು ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ಪರೀಕ್ಷಿಸಿ ಎಂಡೋಸಲ್ಫಾನಿನ ಶೇಷವಿದೆಯೆಂದಿತು; ಅದೇ ಕಾಲದಲ್ಲಿ ಬಂದ ಇನ್ನೊಂದು ವರದಿ ಬೇರೆ ಮಾತನ್ನಾಡಿತು. ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯ ತಂಡ ಸಿಂಪಡಣೆಗೆ ಒಳಗಾದ ಊರಿನ 117 ಶಾಲಾ ಹುಡುಗರನ್ನೂ, ಒಳಗಾಗದ ಊರಿನ 90 ಹುಡುಗರನ್ನೂ ಪರೀಕ್ಷಿಸಿ 2003ರಲ್ಲಿ ಅಧ್ಯಯನ ಪ್ರಕಟಿಸಿತು. ಸಿಂಪಡಣೆಯ ಊರಿನ ಹುಡುಗರ ರಕ್ತದ ಸೀರಂನಲ್ಲಿ ಎಂಡೋಸಲ್ಫಾನಿನ ಸರಾಸರಿ ನೂರು ಕೋಟಿ ಭಾಗಗಳಲ್ಲಿ ಸುಮಾರು ಏಳೂವರೆ ಭಾಗ. ಇನ್ನೊಂದು ಊರಿನಲ್ಲಿ ಸುಮಾರು ಒಂದೂವರೆ ಭಾಗಕ್ಕಿಂತ ಕಡಿಮೆ. ಆ ಅಧ್ಯಯನದ ಮೇಲೂ ಆಕ್ಷೇಪಗಳು ಬಂದವು, ವಾದಗಳು ನಡೆದವು. 2011ರಲ್ಲಿ ಸ್ಟಾಕ್‌ಹೋಮ್ ಒಡಂಬಡಿಕೆಯ ರಾಷ್ಟ್ರಗಳು ಎಂಡೋಸಲ್ಫಾನನ್ನು ತ್ಯಜಿಸಬೇಕಾದ ವಿಷಗಳ ಪಟ್ಟಿಗೆ ಸೇರಿಸಿದವು. ಅದೇ ವರ್ಷದ ಮೇ 13ರಂದು ನಮ್ಮ ಸರ್ವೋಚ್ಚ ನ್ಯಾಯಾಲಯ ದೇಶದಾದ್ಯಂತ ಅದನ್ನು ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಕೇರಳ ಸರಕಾರಕ್ಕೆ ಆದೇಶಿಸಿತು.

ಮಕ್ಕಳೇ, ಆ ಹುಡುಗರು ನಿಮ್ಮದೇ ವಯಸ್ಸಿನವರು. ಇಂಥದೇ ಬೆಂಚುಗಳ ಮೇಲೆ ಕುಳಿತು ಓದಿದವರು. ನೂರು ಕೋಟಿಯಲ್ಲಿ ಒಂದಕ್ಕೂ ಏಳಕ್ಕೂ ನಡುವಿನ ಅಂತರ ಕಣ್ಣಿಗೆ ಕಾಣುವಂಥದ್ದಲ್ಲ, ಮೂಗಿಗೆ ತಿಳಿಯುವಂಥದ್ದಲ್ಲ. ಅದನ್ನು ಹೇಳಬಲ್ಲದ್ದು ಒಲೆಯೊಳಗಿನ ಒಂದು ಸಪೂರ ನಳಿಗೆ, ಅದರೊಳಗೆ ಹರಿಯುವ ಅನಿಲ, ಅದನ್ನು ನೋಡಿಕೊಳ್ಳುವ ಮನುಷ್ಯನ ನಿಷ್ಠೆ. ಊರಿನ ದುಃಖವನ್ನು ನ್ಯಾಯಾಲಯಕ್ಕೆ ಅರ್ಥವಾಗುವ ಅಂಕಿಯಾಗಿ ಬರೆಯುವುದು ಈ ಸಾಧನದ ಕೆಲಸ. ಆದುದರಿಂದಲೇ ಅನಿಲದ ಆಯ್ಕೆಯನ್ನು ಕೇವಲ ಖರೀದಿ ವಿಭಾಗದ ವಿಚಾರವೆಂದು ನಾವು ತಿಳಿಯುವುದಿಲ್ಲ.

ಸುರಕ್ಷತೆಯ ಕುರಿತು ಎರಡು ಮಾತು. ಜಲಜನಕವು ಗಾಳಿಯಲ್ಲಿ ಶೇಕಡಾ 4ರಿಂದ 75ರವರೆಗೆ ಬೆರೆತಾಗ ಹೊತ್ತಿಕೊಳ್ಳಬಲ್ಲುದು. ದೊಡ್ಡ ಸಿಲಿಂಡರಿನ ಬದಲಿಗೆ ನೀರನ್ನು ವಿದ್ಯುತ್ತಿನಿಂದ ವಿಭಜಿಸಿ ಬೇಕಾದಷ್ಟೇ ಅನಿಲ ಕೊಡುವ ಜನಕಯಂತ್ರವನ್ನಿಟ್ಟರೆ ಕೋಣೆಯಲ್ಲಿ ಸಂಗ್ರಹವಾಗುವ ಪ್ರಮಾಣ ಅಲ್ಪ. ಹತ್ತನೆಯ ತರಗತಿಯಲ್ಲಿ ಬ್ಯಾಟರಿ ಮತ್ತು ಎರಡು ಪ್ರಣಾಳಗಳಿಂದ ನೀವು ಮಾಡಿ ನೋಡುವ ಪ್ರಯೋಗವೇ ಅದು, ಜಲದಿಂದ ಜಲಜನಕ. ಜೊತೆಗೆ ಒಲೆಯೊಳಗೆ ಸೋರಿಕೆಯಾದರೆ ಹರಿವನ್ನು ತಾನೇ ನಿಲ್ಲಿಸುವ ಸಂವೇದಕವಿರಬೇಕು. ಹೊರಚೆಲ್ಲುವ ಅನಿಲವನ್ನು ಕೊಳವೆಯ ಮೂಲಕ ಕಟ್ಟಡದ ಹೊರಕ್ಕೆ ಒಯ್ಯಬೇಕು. ನಳಿಗೆಯನ್ನು ಬಿಚ್ಚುವ ಮುನ್ನ ಅನಿಲವನ್ನು ಮುಚ್ಚಿಯೇ ತೀರಬೇಕು. ಸಾರಜನಕ ಉರಿಯುವುದಿಲ್ಲವೆಂದು ಉದಾಸೀನ ಸಲ್ಲದು. ಮುಚ್ಚಿದ ಚಿಕ್ಕ ಕೋಣೆಯಲ್ಲಿ ಅದು ಸೋರಿದರೆ ಬಣ್ಣವಿಲ್ಲದೆ, ವಾಸನೆಯಿಲ್ಲದೆ ಆಮ್ಲಜನಕವನ್ನು ಪಕ್ಕಕ್ಕೆ ಸರಿಸಿ ಉಸಿರುಗಟ್ಟಿಸುತ್ತದೆ. ಯಾವ ಉಳಿತಾಯವೂ ಅಲ್ಲಿ ದುಡಿಯುವವರ ಪ್ರಾಣಕ್ಕಿಂತ ದೊಡ್ಡದಲ್ಲ.

ಅನಿಲವನ್ನು ಬದಲಾಯಿಸಿದ ಮೇಲೆ ಹಳೆಯ ವೇಳಾಪಟ್ಟಿ ಸಲ್ಲುವುದಿಲ್ಲ. ಪ್ರತಿಯೊಂದು ವಸ್ತುವೂ ಬೇರೆ ಹೊತ್ತಿಗೆ ಹೊರಬರುತ್ತದೆ. ಆದ್ದರಿಂದ ಶುದ್ಧ ಮಾದರಿಗಳನ್ನು ಒಂದೊಂದಾಗಿ ಹರಿಸಿ ಗುರುತುಗಳನ್ನು ಹೊಸದಾಗಿ ಹಾಕಿಕೊಳ್ಳಬೇಕು. ಜಲಜನಕವಾದರೆ ಹಳೆಯ ಕೊಳವೆಗಳಲ್ಲಿ ಅಂಟಿದ್ದ ಕೊಳೆಯನ್ನು ಮೊದಲ ಕೆಲವು ದಿನ ಎಬ್ಬಿಸುತ್ತದೆ. ತಳಗೆರೆ ಶಾಂತವಾಗುವವರೆಗೆ ಕಾಯಬೇಕು. ಏನೂ ಇಲ್ಲದ ಮಾದರಿಯಲ್ಲಿ ಏನೂ ಕಾಣಬಾರದು. ಗೊತ್ತಿರುವ ಪ್ರಮಾಣವನ್ನು ಬೆರೆಸಿದ ಮಾದರಿಯಲ್ಲಿ ಆ ಪ್ರಮಾಣವೇ ಮರಳಿ ಸಿಗಬೇಕು. ಕಾಣಬಲ್ಲ ಕನಿಷ್ಠ ಪ್ರಮಾಣ ಎಷ್ಟೆಂದು ಮತ್ತೆ ನಿರ್ಧರಿಸಬೇಕು. ಒಂದೇ ಮಾದರಿಯನ್ನು ಹಳೆಯ ಅನಿಲದಲ್ಲಿಯೂ ಹೊಸದರಲ್ಲಿಯೂ ಹಲವು ಬಾರಿ ಪರೀಕ್ಷಿಸಿ ಉತ್ತರಗಳನ್ನು ಎದುರುಬದುರು ಇಡಬೇಕು, ಇವೆಲ್ಲವನ್ನೂ ಬರೆದಿಡಬೇಕು. ಮಾನ್ಯತೆ ಪಡೆದ ಪ್ರಯೋಗಾಲಯಗಳಿಗೆ ಇದು ನಿಯಮ. ನಿಯಮವಿಲ್ಲದಿದ್ದರೂ ಮಾಡಬೇಕಾದ ಕೆಲಸ. ಅನಿಲ ಬದಲಾಗಬಹುದು, ಉತ್ತರ ಬದಲಾಗಬಾರದು. ಬದಲಾದರೆ ಅದು ಏಕೆಂದು ತಿಳಿಯುವವರೆಗೆ ವರದಿಗೆ ಸಹಿ ಹಾಕಬಾರದು.

ಈ ಉಪನ್ಯಾಸವನ್ನು ಕನ್ನಡದಲ್ಲಿ ಬರೆಯುವಾಗ ಕೆಲವು ಪದಗಳಿಗಾಗಿ ನಾವು ಪರಸ್ಪರ ಚರ್ಚಿಸಿದೆವು. ಆದರೆ ವಿಚಾರಕ್ಕಾಗಿ ಎಲ್ಲೂ ತಡವರಿಸಬೇಕಾಗಲಿಲ್ಲ. ಅನಿಲದ ಒತ್ತಡ, ವಿಸರಣ, ವಿದ್ಯುದ್ವಿಭಜನೆ, ಅನುಪಾತದ ಲೆಕ್ಕ ಇವೆಲ್ಲವನ್ನೂ ಈ ಶಾಲೆಯ ಗುರುಗಳು ನಮಗೆ ಕನ್ನಡದಲ್ಲಿಯೇ ಅರ್ಥಮಾಡಿಸಿದ್ದರು. ಮುಂದೆ ಇಂಗ್ಲಿಷಿನಲ್ಲಿ ಅದನ್ನೇ ಓದಿದಾಗ ಹೆಸರು ಮಾತ್ರ ಹೊಸದಾಗಿತ್ತು. ಕನ್ನಡ ಮಾಧ್ಯಮದಲ್ಲಿ ಓದಿದ ಮಗು ವಿಜ್ಞಾನದಲ್ಲಿ ಹಿಂದುಳಿದೀತೇ ಎಂದು ಗಡಿನಾಡಿನ ಹೆತ್ತವರು ಚಿಂತಿಸುವುದು ಸಹಜ. ನಾವು ಕಂಡಂತೆ, ತಿಳಿದ ಭಾಷೆಯಲ್ಲಿ ಕಾರಣವನ್ನು ಕೇಳಲು ಕಲಿತ ಮಗು ಯಾವ ಭಾಷೆಯ ಯಂತ್ರದ ಮುಂದೆಯೂ ಪ್ರಶ್ನೆ ಕೇಳಬಲ್ಲುದು.

ಅಧ್ಯಾಪಕರಲ್ಲಿ ನಮ್ಮದೊಂದು ಬಿನ್ನಹವಿದೆ. ಶಾಲೆಯ ಪ್ರಯೋಗಶಾಲೆಯಲ್ಲಿ ಸೀಮೆಸುಣ್ಣದ ಕಡ್ಡಿಯ ಮೇಲೆ ಶಾಯಿಯ ಚುಕ್ಕೆಯಿಟ್ಟು, ಚುಕ್ಕೆ ಮುಳುಗದಂತೆ ಕಡ್ಡಿಯ ಬುಡವನ್ನು ನೀರಿನಲ್ಲಿ ನಿಲ್ಲಿಸಿ, ಬಣ್ಣಗಳು ಬೇರೆಯಾಗಿ ಏರುವುದನ್ನು ಮಕ್ಕಳಿಗೆ ತೋರಿಸಿ. ತ್ಸ್ವೆಟ್ ಕಂಡದ್ದು ಅದನ್ನೇ. ಆಮೇಲೆ ನೀರಿನ ಬದಲಿಗೆ ಬೇರೆ ದ್ರವ ಬಳಸಿದರೆ ಏನಾಗುತ್ತದೆಂದು ಕೇಳಿ. ವಾಹಕವನ್ನು ಬದಲಾಯಿಸುವ ಪ್ರಶ್ನೆ ಅಲ್ಲಿಯೇ ಆರಂಭವಾಗುತ್ತದೆ. ಮುಂದಿನ ನೂರು ವರ್ಷಗಳಲ್ಲಿ ಈ ಊರಿನ ನೀರು, ಮಣ್ಣು, ಎಣ್ಣೆ, ರಕ್ತ ಇವುಗಳ ಕುರಿತು ಯಾರಾದರೂ ಅಳತೆ ಕೇಳಿದಾಗ, ಸರಿಯಾದ ಅಳತೆಯನ್ನು ಹೇಳಬಲ್ಲವರು ಈ ಬೆಂಚುಗಳಿಂದಲೇ ಎದ್ದು ಬರಲಿ ಎಂದು ಹಾರೈಸುತ್ತೇವೆ.